ಅಮ್ಮ ಅಳೆದು ನೋಡಿದ ಕರ್ನಲ್

ನೆಂಟರ ಮದುವೆಯಲ್ಲಿ ಯಾರಾದರೂ "ನೀನು ಸಾಫ್ಟ್‌ವೇರಿಗೆ ಹೋಗಿ ಎಷ್ಟು ವರ್ಷ ಆಯ್ತಮ್ಮ" ಎಂದು ಕೇಳಿದರೆ ನನಗೆ ಮೂಗಿನ ತುದಿಗೆ ಕೋಪ ಬರುತ್ತದೆ. ನಾನು ಎಲ್ಲಿಗೂ ಹೋಗಲಿಲ್ಲ. ಸಾಫ್ಟ್‌ವೇರೇ ನಮ್ಮ ಹೊಲಕ್ಕೆ ಬಂತು. ವೈಟ್‌ಫೀಲ್ಡಿನಲ್ಲಿ ನಾನು ಕೂರುವ ಆಫೀಸಿನ ಹಿಂದೆ ಪಾರ್ಕಿಂಗ್ ಇದೆಯಲ್ಲ, ಅಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದರು. ಮನೆಯಿಂದ ಕಾಂಪೌಂಡ್ ಗೋಡೆಯ ಗುಂಟ ನಡೆದರೆ ಒಂದು ಲೋಟ ಕಾಫಿ ಆರುವುದರೊಳಗೆ ಆಫೀಸು. ಕಂಪನಿ ಕ್ಯಾಬ್‌ನಲ್ಲಿ ಕೂತರೆ ಗೇಟು, ಸಿಗ್ನಲ್ಲು, ಯೂ-ಟರ್ನು ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ನಿದ್ದೆಯಾಗಿರುತ್ತದೆ. ನಾನು ನಡೆಯುತ್ತೇನೆ.

ಊರು ಅಂದರೆ ಈಗ ಎರಡು ಬೀದಿ ಮತ್ತು ಒಂದು ಮುನೇಶ್ವರನ ಗುಡಿ. ಮೂರು ಕಡೆ ಅಪಾರ್ಟ್‌ಮೆಂಟು, ಒಂದು ಕಡೆ ಟೆಕ್ ಪಾರ್ಕಿನ ಗೋಡೆ. ಮೆಟ್ರೋ ಸ್ಟೇಷನ್ನಿಗೆ ಟೆಕ್ ಪಾರ್ಕಿನ ಹೆಸರು ಬಂತು, ಬಸ್ ಸ್ಟಾಪಿಗೆ ಯಾವುದೋ ಆಸ್ಪತ್ರೆಯ ಹೆಸರು ಬಂತು. ಫೋನಿನ ಮ್ಯಾಪು ನಮ್ಮ ಬೀದಿಯನ್ನು ಒಂದು ಅಪಾರ್ಟ್‌ಮೆಂಟಿನ ಹಿಂದಿನ ಗೇಟು ಅಂತ ತೋರಿಸುತ್ತದೆ. ಆದರೂ ಊರಿನಲ್ಲಿ ಹಸುಗಳಿವೆ. ಟೆಕ್ ಪಾರ್ಕಿನ ಲಾನು ಕತ್ತರಿಸಿದ ದಿನ ಹುಲ್ಲಿನ ಮೂಟೆಗಳು ಗೋಡೆಯ ಆಚೆಯಿಂದ ಈಚೆಗೆ ಬೀಳುತ್ತವೆ. ಈಚೆಯಿಂದ ಆಚೆಗೆ ತೋಟದವರಿಗೆ ಮಜ್ಜಿಗೆಯ ಕ್ಯಾನು ಹೋಗುತ್ತದೆ. ಇದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಇಲ್ಲ, ಯಾರೂ ಕೇಳಿಯೂ ಇಲ್ಲ. ಆ ಹುಲ್ಲು ತಿಂದ ಹಸುಗಳ ಹಾಲು ಸೇರುವುದು ಮಹಿಳೆಯರ ಹಾಲಿನ ಸಂಘಕ್ಕೆ, ಮತ್ತು ಆ ಸಂಘದ ಕಾರ್ಯದರ್ಶಿ ನಮ್ಮಮ್ಮ.

ಅಮ್ಮನ ಕೈಯಲ್ಲಿ ಹಾಲು ಪಾಸಾಗುವುದು ಸುಲಭದ ಮಾತಲ್ಲ. ಒಂದು ಸಲ ಸ್ವಂತ ಅಕ್ಕನ, ಅಂದರೆ ನನ್ನ ದೊಡ್ಡಮ್ಮನ ಹಾಲನ್ನೇ ನೀರು ಜಾಸ್ತಿ ಅಂತ ವಾಪಸ್ಸು ಕಳಿಸಿದ್ದಳು. ದೊಡ್ಡಮ್ಮ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅಮ್ಮ ಹಬ್ಬಕ್ಕೆ ಒಬ್ಬಟ್ಟು ಕಳಿಸಿದಳೇ ಹೊರತು ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. "ನಾ ಕಂಡಿದ್ದನ್ನ ನಾ ಏಳ್ದೆ. ನೆಂಟಸ್ತಿಕೆ ಆಲಿಗೆ ಬೆರೆಸಕ್ಕಾಯ್ತದಾ?" ಎಂದಿದ್ದಳು.

ಇನ್ನು ನನ್ನ ಕೆಲಸ. ಕರ್ನಲ್ ಅಂದರೆ ಕಂಪ್ಯೂಟರಿನೊಳಗೆ ಎಲ್ಲಕ್ಕಿಂತ ಕೆಳಗೆ ಕೂತು, ಯಂತ್ರವನ್ನೂ ಅದರ ಮೇಲೆ ಓಡುವ ತಂತ್ರಾಂಶವನ್ನೂ ಹೊಂದಿಸುವ ಭಾಗ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಪ್ರೊಸೆಸರಿನ ವೇಗ. ಒಲೆಯ ಉರಿ ನೋಡಿಕೊಳ್ಳುವ ಕೆಲಸ ಅಂದುಕೊಳ್ಳಿ. ಕೆಲಸ ಬಂದಾಗ ಉರಿ ದೊಡ್ಡದು ಮಾಡಬೇಕು, ಇಲ್ಲದಾಗ ಸಣ್ಣದು. ಸದಾ ದೊಡ್ಡ ಉರಿ ಇಟ್ಟರೆ ಯಂತ್ರ ಕಾದು ಕರೆಂಟು ದಂಡ, ಸದಾ ಸಣ್ಣ ಉರಿ ಇಟ್ಟರೆ ಏನೂ ಬೇಯುವುದಿಲ್ಲ. ಈ ಕರ್ನಲನ್ನು ಯಾವುದೋ ಒಂದು ಕಂಪನಿ ಬರೆಯುವುದಿಲ್ಲ. ಲೋಕದ ತುಂಬಾ ಇರುವ ಜನ ಇಮೇಲಿನಲ್ಲಿ ಜಗಳವಾಡುತ್ತಾ ಬರೆಯುತ್ತಾರೆ. ಜಗಳ ನನಗೆ ಒಗ್ಗಿದ್ದರಿಂದ ನಾನು ಅಲ್ಲಿ ನೆಲೆಯಾಗಿಬಿಟ್ಟೆ.

ಆ ವೇಗವನ್ನು ನಡೆಸುವ ಪ್ರೋಗ್ರಾಂ ಕೋಡು ವರ್ಷಗಟ್ಟಲೆ ಅಡ್ಡಾದಿಡ್ಡಿ ಬೆಳೆದಿತ್ತು. ಒಂದೊಂದು ಬಗೆಯ ಪ್ರೊಸೆಸರ್ ಚಿಪ್ಪಿಗೆ ಒಂದೊಂದು ಕಡತ, ಪ್ರತಿ ಕಡತದಲ್ಲೂ ಅದೇ ಕೆಲಸವನ್ನು ಮತ್ತೆ ಬರೆದಿರುವುದು: ವೇಗಗಳ ಪಟ್ಟಿ ಓದು, ಬೇಕಾದ ವೇಗ ಆರಿಸು, ಮೊದಲು ವೋಲ್ಟೇಜು ಏರಿಸು, ಆಮೇಲೆ ವೇಗ ಏರಿಸು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಮನೆಯೊಳಗೆ ನಾಲ್ಕು ರುಬ್ಬುಗುಂಡು ಇದ್ದ ಹಾಗೆ. ಒಬ್ಬರು ತಮ್ಮ ಕಡತದಲ್ಲಿ ತಪ್ಪು ಸರಿಮಾಡಿಕೊಂಡರೆ ಉಳಿದ ಕಡತಗಳಲ್ಲಿ ಅದೇ ತಪ್ಪು ಹಾಯಾಗಿ ಇರುತ್ತಿತ್ತು. ಇದನ್ನೆಲ್ಲ ಒಂದು ಕಡೆ ತರಬೇಕು ಎಂದು ನಾನು ಗೊಣಗುತ್ತಲೇ ಇದ್ದೆ. ಗೊಣಗುವವರಿಗೇ ಆ ಕೆಲಸ ಅಂಟುವುದು ನಮ್ಮಲ್ಲಿ ವಾಡಿಕೆ.

ಅದು ನಿಜವಾಗಿ ಅಂಟಿದ್ದು ಹಾಲಿನ ಸಂಘದಿಂದ. ಸಂಘದಲ್ಲಿ ಹಾಲು ತೂಗಿ, ಕೊಬ್ಬು ಅಳೆದು, ಚೀಟಿ ಕೊಡುವ ಯಂತ್ರವಿದೆ. ಕೆಲವು ವರ್ಷದ ಹಿಂದೆ ಅದರೊಳಗಿನ ಕಂಪ್ಯೂಟರು ಸತ್ತುಹೋದಾಗ, ನಮ್ಮ ಆಫೀಸಿನ ಲ್ಯಾಬಿನಲ್ಲಿ ಬೇಡವೆಂದು ಬಿಸಾಕಿದ್ದ ಒಂದು ಹಳೆಯ ಸರ್ಕ್ಯೂಟ್ ಬೋರ್ಡನ್ನು ಕೇಳಿ ತಂದು ನಾನೇ ಜೋಡಿಸಿಕೊಟ್ಟಿದ್ದೆ. ಅದರ ಚಿಪ್ಪಿಗೆ ವೇಗದ ಕಡತ ಬರೆದವಳೂ ನಾನೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಈಗ ಹಾಲಿನ ಒಕ್ಕೂಟದ ಸೂಪರ್‌ವೈಸರು ಬಂದು, ಬರುವ ಸಂಕ್ರಾಂತಿಯ ಹೊತ್ತಿಗೆ ಎಲ್ಲಾ ಕೇಂದ್ರಗಳಿಗೂ ಹೊಸ ತಂತ್ರಾಂಶ ಎಂದರು. ಅದು ಅಧಿಕೃತವಾಗಿ ಬಿಡುಗಡೆಯಾದ ಹೊಸ ಕರ್ನಲಿನ ಮೇಲೆ ಮಾತ್ರ ಓಡುತ್ತದೆ, ಮನೆಯಲ್ಲಿ ಹಾಕಿದ ತೇಪೆ ನಡೆಯುವುದಿಲ್ಲ.

"ಇದ್ರಲ್ಲಿ ಓಡ್ಲಿಲ್ಲ ಅಂದ್ರೆ ಈ ಸೆಂಟರ್ ಮುಚ್ಚಿ, ಮೇನ್ ರೋಡ್ ಆಚೆ ಇರೋ ಸೆಂಟರ್‌ಗೆ ನಿಮ್ಮನ್ನ ಸೇರಿಸ್ತೀವಿ ಮೇಡಂ. ಹೊಸ ಮಷೀನ್ ಕೊಡೋಣ ಅಂದ್ರೆ ನಿಮ್ಮಲ್ಲಿ ಅಷ್ಟು ಹಾಲು ಇಲ್ಲ," ಎಂದರು ಅವರು. ಒಳ್ಳೆಯ ಮನುಷ್ಯ, ಹೇಳುವಾಗ ಕಣ್ಣು ತಪ್ಪಿಸಿದರು. ಮೇನ್ ರೋಡ್ ಆಚೆ ಅಂದರೆ ಬೆಳಿಗ್ಗೆ ಕಂಪನಿ ಬಸ್ಸುಗಳ ಸಂತೆಯಲ್ಲಿ ಮಂಡಿ ನೋವಿನ ಹೆಂಗಸರು ಹಾಲಿನ ಕ್ಯಾನು ಹೊತ್ತು ರಸ್ತೆ ದಾಟುವುದು. ದಾಟಲಾರದವರು ಹಸು ಮಾರುತ್ತಾರೆ. ಅಮ್ಮ ಒರೆಸಿದ ಯಂತ್ರವನ್ನೇ ಮತ್ತೆ ಮತ್ತೆ ಬಟ್ಟೆಯಲ್ಲಿ ಒರೆಸುತ್ತಾ ಇದ್ದಳು. ಅದನ್ನು ನೋಡಿ ನನಗೆ ಭಯವಾಯಿತು.

ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಕರ್ನಲಿನಲ್ಲಿ ಈ ವೇಗದ ಭಾಗಕ್ಕೆ ಒಬ್ಬ ಯಜಮಾನನಿದ್ದಾನೆ, ಹಿಮ ಬೀಳುವ ಯಾವುದೋ ದೇಶದವನು. ಅವನ ಇಮೇಲುಗಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ, ನಮಸ್ಕಾರ ಧನ್ಯವಾದಗಳ ಅಭ್ಯಾಸವಿಲ್ಲದ ಮನುಷ್ಯ. ನಮ್ಮ ಚಿಪ್ಪನ್ನು ಈಗ ಯಾರೂ ಬಳಸುತ್ತಿಲ್ಲ, ಮುಂದಿನ ಬಿಡುಗಡೆಯಲ್ಲಿ ಅದರ ಕಡತ ಅಳಿಸುತ್ತೇನೆ ಎಂದು ಅವನು ಆಗಲೇ ಬರೆದಿದ್ದ. ಬಳಸುತ್ತಿದ್ದೇವೆ ಎಂದು ಬರೆದೆ. ಎಲ್ಲಿ ಎಂದು ಕೇಳಿದ. ನಮ್ಮೂರಿನ ಹಾಲಿನ ಡೈರಿಯಲ್ಲಿ ಎಂದೆ. ಮಾರನೆಯ ದಿನ ಉತ್ತರ ಬರೆದ: ಹಾಗಾದರೆ ಎಲ್ಲರಿಗೂ ಸಮಾನವಾದ ಕೋಡನ್ನು ಒಂದೇ ಕಡೆ ತಾ, ನಿನ್ನ ಕಡತದಲ್ಲಿ ವೇಗದ ಪಟ್ಟಿ ಬಿಟ್ಟು ಬೇರೇನೂ ಉಳಿಯಬಾರದು, ಆಗ ಅದನ್ನು ಕಾಯುವುದು ಯಾರಿಗೂ ಭಾರವಲ್ಲ. ಮತ್ತು ನೀನಲ್ಲದ ಬೇರೆ ಯಾರಾದರೂ ನಿಜವಾದ ಯಂತ್ರದಲ್ಲಿ ಪರೀಕ್ಷಿಸಿ ತಮ್ಮ ಹೆಸರು ಹಾಕಬೇಕು.

ಈ ಹೆಸರು ಹಾಕುವುದು ಕರ್ನಲ್ ಬರೆಯುವವರ ಸಂಪ್ರದಾಯ. ಪ್ರತಿಯೊಂದು ಬದಲಾವಣೆಯ ಕೊನೆಗೆ ಬರೆದವರು, ಓದಿ ಒಪ್ಪಿದವರು, ಪರೀಕ್ಷಿಸಿದವರು, ಎಲ್ಲರ ಹೆಸರೂ ಇರುತ್ತದೆ, ಮತ್ತು ಒಮ್ಮೆ ಸೇರಿದರೆ ಅದು ಕರ್ನಲಿನ ಚರಿತ್ರೆಯಲ್ಲಿ ಹಾಗೇ ಉಳಿಯುತ್ತದೆ. ಆಫೀಸಿನಲ್ಲಿ ಪಕ್ಕದ ಸೀಟಿನವನು ಉದಾರವಾಗಿ "ನನ್ ಹೆಸ್ರು ಹಾಕ್ಬಿಡು ಗುರು, ಯಾರ್ ಬಂದು ನೋಡ್ತಾರೆ" ಎಂದ. ಹಾಲಿಗೆ ನೀರು ಬೆರೆಸುವುದು ಅಂದರೆ ಇದೇ ಕಣೋ ಎಂದು ಬೈದು ಮನೆಗೆ ಬಂದೆ. ಆ ಚಿಪ್ಪು ಇನ್ನೂ ಜೀವಂತವಾಗಿರುವುದು ನನಗೆ ತಿಳಿದ ಮಟ್ಟಿಗೆ ಒಂದೇ ಕಡೆ, ಅದನ್ನು ದಿನಾ ಓಡಿಸುವವಳು ಒಬ್ಬಳೇ.

"ನನ್ ಎಸ್ರು ಯಾಕೆ?" ಎಂದಳು ಅಮ್ಮ.

"ಚೆನ್ನಾಗಿ ಓಡ್ತು, ನಾನು ನೋಡ್ದೆ ಅಂತ ನೀನು ಹೇಳ್ಬೇಕು, ಅಷ್ಟೇ."

"ದುಡ್ಡು ಕೊಡ್ತಾರಾ?"

"ಇಲ್ಲ. ಇದು ಎಲ್ರಿಗೂ ಬಿಟ್ಟಿ."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು. ಆದರೆ ಒಪ್ಪಿದಳು.

ಕೋಡು ಸೇರಿಸುವ ಕೆಲಸ ಮಳೆಗಾಲ ಪೂರ್ತಿ ಹಿಡಿಯಿತು. ನಮ್ಮಲ್ಲಿ ಒಂದೇ ಏಟಿಗೆ ಎಲ್ಲವನ್ನೂ ಕಿತ್ತು ಕಟ್ಟುವ ಹಾಗಿಲ್ಲ. ಸಣ್ಣ ಸಣ್ಣ ಹೆಜ್ಜೆ ಮಾಡಬೇಕು, ಪ್ರತಿ ಹೆಜ್ಜೆಯ ನಂತರವೂ ಎಲ್ಲ ಯಂತ್ರಗಳು ಮೊದಲಿನಂತೆ ಓಡುತ್ತಿರಬೇಕು. ಮನೆಯೊಳಗೆ ಜನ ವಾಸವಿರುವಾಗಲೇ ಗೋಡೆ ಬದಲಿಸಿದಂತೆ. ಕಳಿಸಿದ್ದನ್ನು ಯಜಮಾನ ವಾಪಸ್ಸು ಮಾಡುತ್ತಿದ್ದ, ನಾನು ಕುದಿಯುತ್ತಿದ್ದೆ, ಉತ್ತರ ಬರೆದು, ಅಳಿಸಿ, ಮರ್ಯಾದಸ್ಥ ಉತ್ತರ ಬರೆಯುತ್ತಿದ್ದೆ. ಆದರೂ ಖುಷಿ ಇತ್ತು, ಸುಳ್ಳೇಕೆ ಹೇಳಲಿ. ಒಂದೊಂದು ಕಡತ ಖಾಲಿಯಾಗುತ್ತಾ ಬಂದಾಗ ದಸರಾಕ್ಕೆ ಅಟ್ಟ ಗುಡಿಸಿದಷ್ಟು ಹಗುರವೆನಿಸುತ್ತಿತ್ತು. ಕೊನೆಗೆ ನಾನು ಹೊಸದರಲ್ಲಿ ಬರೆದ ಆ ಉದ್ದನೆಯ ಕಡತದಲ್ಲಿ ವೇಗಗಳ ಪಟ್ಟಿಯೊಂದೇ ಉಳಿಯಿತು.

ಒಂದು ಭಾನುವಾರ ಮಧ್ಯಾಹ್ನ ಹೊಸ ಕರ್ನಲ್ ಮತ್ತು ಒಕ್ಕೂಟದ ಹೊಸ ತಂತ್ರಾಂಶ ಎರಡನ್ನೂ ಒಂದು ಮೆಮೊರಿ ಕಾರ್ಡಿಗೆ ತುಂಬಿಸಿ ಸಂಘದ ಯಂತ್ರಕ್ಕೆ ಹಾಕಿದೆ. ಈ ಹೊಸ ತಂತ್ರಾಂಶ ಬಾಯಿಬಿಟ್ಟು ಮಾತಾಡುತ್ತದೆ, ಸದಸ್ಯೆಯ ನಂಬರು, ಹಾಲಿನ ಕೊಬ್ಬು ಎಲ್ಲವನ್ನೂ ಕೂಗಿ ಹೇಳುತ್ತದೆ. ಮನೆಯ ಹಾಲನ್ನೇ ಒಂದು ಲೋಟ ಸುರಿದೆ. ರಪ್ಪನೆ ಅಳೆಯಿತು, ರಪ್ಪನೆ ಕೂಗಿತು, ಚೀಟಿ ಹಾರಿ ಬಂತು. ಹಳೆಯ ಬೋರ್ಡು ಅಷ್ಟು ಚುರುಕಾಗಿದ್ದದ್ದನ್ನು ನಾನೇ ಕಂಡಿರಲಿಲ್ಲ.

"ಹಾಕ್ಲಾ ಹೆಸ್ರು?" ಎಂದೆ, ಬೀಗುತ್ತಾ.

"ಮದ್ಯಾನ ಯಾವಳು ಆಲು ತತ್ತಾಳೆ? ಬೆಳಗ್ಗೆ ಜನ ಬರ್ಲಿ, ನೋಡಿ ಏಳ್ತೀನಿ," ಎಂದಳು ಅಮ್ಮ.

ಬೆಳಗ್ಗೆ ಜನ ಬಂದರು. ಮೊದಲ ಕ್ಯಾನು ಸರಾಗವಾಗಿ ಹೋಯಿತು. ಎರಡನೆಯದಕ್ಕೆ ಯಂತ್ರ ತಡವರಿಸಿತು. ಸಾಲು ಬಾಗಿಲು ದಾಟುವ ಹೊತ್ತಿಗೆ ಅದು ತೂಕಡಿಸುತ್ತಾ ಮಾತಾಡತೊಡಗಿತು. "ಸದ... ಸ್ಯೆ... ನಂ..." ಎಂದು ಎಳೆದು ನಿಲ್ಲುತ್ತಿತ್ತು, ಮುಂದಿನ ಅಕ್ಷರಕ್ಕೆ ಎಲ್ಲರೂ ಕಾಯುತ್ತಿದ್ದರು. ಆಚೆ ಹಾಲಿನ ವ್ಯಾನು ಬಂದು ಹಾರ್ನ್ ಹೊಡೆಯಲು ಶುರುಮಾಡಿತು. ವ್ಯಾನು ಹೋದರೆ ಅವತ್ತಿನ ಹಾಲೆಲ್ಲ ಹಾಗೇ ಉಳಿಯುತ್ತದೆ.

"ನಿನ್ ಮಗ್ಳ ಮಿಷನ್ನು ನಮ್ ಯಜಮಾನ್ರಂಗೇ ಐತೆ ಕಣೇ," ಎಂದರು ಸಾಲಿನಲ್ಲಿದ್ದ ದೊಡ್ಡಮ್ಮ. "ನಾಕ್ ಜನ ಬಂದ್ರೆ ಬಾಯಿ ಕಟ್ಟೋಯ್ತದೆ."

ಹೆಂಗಸರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಈ ಬೋರ್ಡೇ ಹಾಳಾಗಿದೆ, ಕರೆಂಟು ಸರಿಯಿಲ್ಲ, ಒಕ್ಕೂಟದ ತಂತ್ರಾಂಶವೇ ಕಳಪೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಸರ್ಕೋ ಆಚೆ," ಎಂದು ಅಮ್ಮ ನನ್ನ ಕಾರ್ಡು ಕಿತ್ತು ಹಳೆಯ ಕಾರ್ಡು ಹಾಕಿದಳು. ಯಂತ್ರ ಎದ್ದಿತು, ಸಾಲು ಕರಗಿತು, ವ್ಯಾನು ಹೊರಟಿತು. ಅಮ್ಮ ಕೈ ತೊಳೆದುಕೊಂಡು ಬಂದು, "ನಡೀಲಿಲ್ಲ ಅಂತ ಬರಿ ಅವನ್ಗೆ," ಎಂದಳು.

"ಸರಿ ಮಾಡ್ಕೊಂಡು ಬರೀತೀನಮ್ಮ."

"ಇವತ್ತು ಕಂಡಿದ್ದನ್ನ ಇವತ್ತು ಬರಿ."

ಬರೆದೆ. ಪರೀಕ್ಷಿಸಿದವರು ಹೇಳುತ್ತಾರೆ: ಜನವಿಲ್ಲದಾಗ ಚೆನ್ನಾಗಿದೆ, ಜನ ಬಂದರೆ ಕೆಟ್ಟುಹೋಗುತ್ತದೆ. ಯಜಮಾನನಿಂದ ಒಂದೇ ಸಾಲಿನ ಉತ್ತರ ಬಂತು: ಪರೀಕ್ಷಿಸಿದವರಿಗೆ ನನ್ನ ಧನ್ಯವಾದ ತಿಳಿಸು. ಅವನ ಇಮೇಲಿನಲ್ಲಿ ಧನ್ಯವಾದ ಕಂಡದ್ದು ಅದೇ ಮೊದಲು, ಅದೂ ನನಗಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಆಫೀಸಿಗೆ ರಜೆ ಹಾಕಿ, ಖಾಲಿ ಸಂಘದಲ್ಲಿ ಹೊಸ ಕಾರ್ಡನ್ನು ಮತ್ತೆ ಹಾಕಿ ಕೂತೆ. ಎಷ್ಟು ನೋಡಿದರೂ ಕೋಡಿನಲ್ಲಿ ತಪ್ಪು ಕಾಣದು. ಅಮ್ಮ ತಟ್ಟೆಯಲ್ಲಿ ಅವರೆಕಾಳಿನ ಉಪ್ಪಿಟ್ಟು ತಂದಳು. ತಟ್ಟೆಗೆ ಜಾಗ ಮಾಡೋಣವೆಂದು ಯಂತ್ರದ ಡಬ್ಬಿಯನ್ನು ಪಕ್ಕಕ್ಕೆ ಸರಿಸಲು ಹೋದೆ, ಕೈ ಸುಟ್ಟಿತು. ಗಂಟೆಯಿಂದ ಒಂದು ಹನಿ ಹಾಲು ಅಳೆಯದ ಯಂತ್ರ ಕಾದ ಹೆಂಚಿನ ಹಾಗಿತ್ತು. ಬೇಕೆಂತಲೇ ಅದಕ್ಕೆ ಒಂದು ಭಾರದ ಕೆಲಸ ಕೊಟ್ಟು ಮತ್ತೆ ಮುಟ್ಟುತ್ತಾ ಕೂತೆ. ಕೆಲಸ ಶುರುವಾದ ಮೇಲೆ ಅದು ಮೆಲ್ಲಮೆಲ್ಲನೆ ತಣ್ಣಗಾಯಿತು.

ಆಗ ಹೊಳೆಯಿತು. ಉಳಿದ ಚಿಪ್ಪುಗಳ ಪಟ್ಟಿಯಲ್ಲಿ ಕಡಿಮೆ ವೇಗ ಮೊದಲು, ಹೆಚ್ಚಿನದು ಕೊನೆಗೆ. ನಮ್ಮ ಚಿಪ್ಪಿನ ಕೈಪಿಡಿಯಲ್ಲಿ ಮಾತ್ರ ಉಲ್ಟಾ, ದೊಡ್ಡದು ಮೊದಲು. ಅದರ ಹಳೆಯ ಕೋಡಿಗೆ ಅದು ಗೊತ್ತಿತ್ತು, ಆ ಕೋಡನ್ನು ನಾನು ಅಟ್ಟ ಗುಡಿಸುವಾಗ ಗುಡಿಸಿಬಿಟ್ಟಿದ್ದೆ. ಎಲ್ಲರಿಗೂ ಸಮಾನವಾದ ಹೊಸ ಕೋಡು ಜನ ಬಂದಾಗ ಪಟ್ಟಿಯ ಕೊನೆಗೆ ಓಡುತ್ತಿತ್ತು, ಅಲ್ಲಿ ಇದ್ದದ್ದು ಎಲ್ಲಕ್ಕಿಂತ ಸಣ್ಣ ಉರಿ. ಯಾರೂ ಇಲ್ಲದಾಗ ಮೊದಲಿಗೆ ಬಂದು ಧಗಧಗ ಉರಿಯುತ್ತಿತ್ತು. ಅದಕ್ಕೇ ಭಾನುವಾರ ಮಧ್ಯಾಹ್ನ ಅದು ಅಷ್ಟು ಚುರುಕು. ನಾನು ಒಬ್ಬಳೇ ಜೋರಾಗಿ ನಕ್ಕದ್ದು ಕೇಳಿ ಅಮ್ಮ ಮತ್ತೆ ಬಂದಳು. ವಿಷಯ ಹೇಳಿದೆ.

"ಅಂಗಂದ್ರೆ ಕೆಲ್ಸ ಇಲ್ದಾಗ ಆರಾಟ, ಕೆಲ್ಸ ಬಂದಾಗ ಗೊರಕೆ. ನಿಮ್ಮಪ್ಪನ ತಮ್ಮ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಪಟ್ಟಿಯನ್ನು ತಿರುಗಿಸಿ ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮಾಡದೆ, ಪಟ್ಟಿ ಯಾವ ದಿಕ್ಕಿಗಿದೆ ಎಂದು ಮೊದಲು ನೋಡಿಕೊಳ್ಳುವಂತೆ ಹೊಸ ಕೋಡನ್ನೇ ತಿದ್ದಿದೆ. ಅದನ್ನು ಓದಿದ ಯಜಮಾನ, ಬೇರೆ ಒಂದು ಹಳೆಯ ಚಿಪ್ಪಿನ ಪಟ್ಟಿಯೂ ಉಲ್ಟಾ ಇದೆ, ಅದು ಮುಂದೆ ಯಾರ ಕೈಯಲ್ಲೋ ಸಿಡಿಯುತ್ತಿತ್ತು ಎಂದು ಬರೆದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮಾರನೆಯ ಬೆಳಗ್ಗೆ ಯಂತ್ರ ಸಾಲನ್ನು ಸರಸರ ಕರಗಿಸಿತು. ಅಮ್ಮ ಆದರೂ ಹೆಸರು ಕೊಡಲಿಲ್ಲ. ಒಂದು ಹೊತ್ತಿನ ಹಾಲು ನೋಡಿ ಹಸು ಕೊಳ್ಳುತ್ತಾರಾ ಎಂದು ನನ್ನನ್ನೇ ಕೇಳಿದಳು. ಇಡೀ ವಾರ ಬೆಳಗ್ಗೆ ಸಂಜೆ ನೋಡಿದಳು, ಮಧ್ಯೆ ಕರೆಂಟು ಹೋಗಿ ಬಂದದ್ದನ್ನೂ ನೋಡಿದಳು. ಅತ್ತ ಹೊಸ ಬದಲಾವಣೆಗಳನ್ನು ಒಪ್ಪಿಕೊಳ್ಳುವ ಗಡುವು ಮುಗಿಯುತ್ತಾ ಬಂದಿತ್ತು, ನಾನು ಉಗುರು ಕಚ್ಚುತ್ತಿದ್ದೆ. ಶನಿವಾರ ವ್ಯಾನು ಹೋದ ಮೇಲೆ "ಊಂ, ಈಗ ಆಕು," ಎಂದಳು.

ಲ್ಯಾಪ್‌ಟಾಪ್ ತೆಗೆದು, ಅವಳಿಗೊಂದು ಇಮೇಲು ವಿಳಾಸ ಮಾಡಿ, ಹೆಸರು ಬರೆದೆ. ನಮ್ಮ ಕಡೆ ಊರಿನ ಹೆಸರು ಮುಂದೆ, ನಮ್ಮ ಹೆಸರು ಹಿಂದೆ. ಊರನ್ನು ಒಂದೇ ಅಕ್ಷರಕ್ಕೆ ಇಳಿಸುವುದು ರೂಢಿ, ನಾನೂ ಹಾಗೇ ಬರೆದಿದ್ದೆ.

"ಅದ್ಯಾಕೆ ಒಂದಕ್ಸರ? ಊರಿನ ಎಸ್ರು ಪೂರ್ತಿ ಬರಿ."

"ಉದ್ದ ಆಗುತ್ತಮ್ಮ."

"ಆಗ್ಲಿ. ಮೆಟ್ರೋದಾಗೂ ಇಲ್ಲ, ಬಸ್ಸಿನಾಗೂ ಇಲ್ಲ. ಅದ್ರಾಗಾದ್ರೂ ಇರ್ಲಿ."

ಅವಳು ಅದನ್ನು ಸೊಪ್ಪು ಬಿಡಿಸುತ್ತಾ, ಬೇಸರವೂ ಇಲ್ಲದೆ ಹೇಳಿದಳು. ಎಷ್ಟೋ ಸಲ ಆ ಸ್ಟೇಷನ್ನಿನ ಕೆಳಗೆ ಓಡಾಡಿದ ನನಗೆ ಒಂದು ದಿನವೂ ಅನ್ನಿಸದಿದ್ದದ್ದು ಅವಳಿಗೆ ಪ್ರತಿ ದಿನ ಅನ್ನಿಸಿತ್ತು. ಪೂರ್ತಿ ಬರೆದೆ, ಒಂದೊಂದೇ ಅಕ್ಷರ ತೋರಿಸಿ ಸರಿಯಿದೆಯಾ ಎಂದು ಕೇಳಿ ಕಳಿಸಿದೆ. ಯಜಮಾನ ಎರಡು ದಿನಕ್ಕೆ ಒಪ್ಪಿಕೊಂಡ. ಸಂಕ್ರಾಂತಿಗೆ ಬಂದ ಸೂಪರ್‌ವೈಸರು ಬಿಡುಗಡೆಯಾದ ಕರ್ನಲಿನ ಮೇಲೆ ತಮ್ಮ ತಂತ್ರಾಂಶ ಕೂರಿಸಿ, ಬೆಳಗಿನ ಸಾಲು ಪೂರ್ತಿ ನಿಂತು ನೋಡಿ, "ಓಡ್ತಿದೆಯಲ್ಲ ಮೇಡಂ, ಇಲ್ಲೇ ಇರ್ಲಿ ಬಿಡಿ," ಎಂದರು. ಅಮ್ಮ ಅವರಿಗೆ ಎಳ್ಳುಬೆಲ್ಲ ಕೊಟ್ಟಳು, ಕಬ್ಬಿನ ಎರಡು ಜಲ್ಲೆಯನ್ನೂ ಸ್ಕೂಟರಿಗೆ ಕಟ್ಟಿಸಿದಳು.

ಇದಾಗಿ ಬಹಳ ದಿನದ ಮೇಲೆ ಅಮ್ಮನ ಇಮೇಲಿಗೆ ಒಂದು ಪತ್ರ ಬಂತು. ಯಾವುದೋ ದೂರದ ದೇಶದವನು ಅದೇ ಕೋಡನ್ನು ಮತ್ತೆ ತಿದ್ದಲು ಹೊರಟಿದ್ದ, ಹಿಂದೆ ಪರೀಕ್ಷಿಸಿದವರ ಹೆಸರು ನೋಡಿ ಬರೆದಿದ್ದ. ಅವರ ಕಡೆ ಮೊದಲು ಬರುವುದೇ ಮನುಷ್ಯರ ಸ್ವಂತ ಹೆಸರು. ಹಾಗಾಗಿ ಅವನು ನಮ್ಮೂರಿನ ಹೆಸರನ್ನೇ ಅಮ್ಮನ ಹೆಸರು ಅಂದುಕೊಂಡು, ಪ್ರಿಯ ಎಂದು ಬರೆದು, ಮುಂದೆ ಊರಿನ ಹೆಸರು ಹಾಕಿದ್ದ.

ಬೆಳಗಿನ ಸಾಲಿನ ಹೊತ್ತು. ಹಾಲು ಅಳೆಯುತ್ತಿದ್ದ ಅಮ್ಮನಿಗೆ ಓದಿ ಹೇಳಿ, ಅವನ ತಪ್ಪನ್ನೂ ವಿವರಿಸಿ ನಕ್ಕೆ. ಅಮ್ಮ ನಗಲಿಲ್ಲ. ಅಳತೆಯ ಪಾತ್ರೆ ಕೆಳಗಿಟ್ಟು, "ಮೊದಲ್ನೇ ಸಾಲು ಇನ್ನೊಂದ್ ಸತಿ ಓದು," ಎಂದಳು. ಓದಿದೆ.

"ಊರಿಗೇ ಕಾಗ್ದ ಬಂದೈತೆ," ಎಂದು ಅವಳು ಸಾಲಿನ ಕಡೆ ತಿರುಗಿ ಹೇಳಿದಳು.

"ಏನಂತೆ?" ಎಂದರು ದೊಡ್ಡಮ್ಮ.

ನಾನು ಮುಂದಿನ ಸಾಲು ನೋಡಿ ಹೇಳಿದೆ. ಈ ಹಳೆಯ ಚಿಪ್ಪಿನವರು ನೀವು ಇನ್ನೂ ಇದ್ದೀರಾ ಎಂದು ಅವನು ಕೇಳಿದ್ದ.

"ಇದೀವಿ ಅಂತ ಬರಿ," ಎಂದಳು ಅಮ್ಮ, ದೊಡ್ಡಮ್ಮನ ಕ್ಯಾನಿಗೆ ಕೈ ಚಾಚುತ್ತಾ. "ಮಿಕ್ಕಿದ್ದು ಆಲು ಅಳೆದ್ಮೇಲೆ ಏಳ್ತೀನಿ."